ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ನಾಯಿಗೆ ಹೇಳೋಕಾಗಲ್ಲ

ಬಸ್ಸಿನಿಂದ ಹಿಡಿದು ಹಾಸ್ಟೆಲ್ ರೂಮಿನವರೆಗೆ ಎಲ್ಲ ಕಡೆ ಕೆಲಸ ಮಾಡೋ ಮಾತೊಂದು ನಮ್ಮಲ್ಲಿದೆ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಇಬ್ಬರ ಸೀಟಲ್ಲಿ ಮೂರನೆಯವರು ಕೂರೋದು ಈ ಮಾತಿನ ಬಲದಿಂದ. ಇಬ್ಬರ ರೂಮಿಗೆ ಮೂರನೇ ಮಂಚ ಬರೋದೂ ಅದರಿಂದಲೇ. ನಾವೂ ಗೊಣಗಿಕೊಂಡು ಜರುಗಿ ಕೂರ್ತೀವಿ, ಎರಡು ದಿನಕ್ಕೆ ಅಭ್ಯಾಸ ಆಗುತ್ತೆ.

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಾಡಿದ ಒಂದು ಡ್ರಾಯಿಂಗ್‌ನಲ್ಲೂ ಇದೇ ಮಾತು ನುಸುಳಿತ್ತು. ಅಕ್ಷರದಲ್ಲಿ ಬರೆದಿರಲಿಲ್ಲ, ಆದರೆ ಗೆರೆಗಳಲ್ಲಿ ಇತ್ತು. ಅದು ತಪ್ಪು ಅಂತ ನಮಗೆ ಹೇಳಿಕೊಟ್ಟಿದ್ದು ಎರಡು ದೊಡ್ಡ ನಾಯಿಗಳು. ಆ ನಾಯಿಗಳನ್ನ ನಾವು ವಿಡಿಯೋ ಕಾಲ್‌ನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ.

ನಮ್ಮಲ್ಲೊಬ್ಬನ ಚಿಕ್ಕಪ್ಪ, ಚಿಕ್ಕಮ್ಮ ಅಮೆರಿಕದ ಟೆಕ್ಸಸ್‌ನಲ್ಲಿದ್ದಾರೆ. ಚಿಕ್ಕಪ್ಪ ಒಂದು ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೈಲರ್ ತಗೊಂಡರು. ಅಂದರೆ ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಪುಟ್ಟ ಮನೆ. ಅವರ ಮನೆಯಲ್ಲಿ ಎರಡು ನಾಯಿ: ಹತ್ತು ವರ್ಷದ ಒಂದು ಲ್ಯಾಬ್ರಡಾರ್, ನಾಲ್ಕು ವರ್ಷದ ಒಂದು ಜರ್ಮನ್ ಶೆಫರ್ಡ್. ಒಂದೊಂದೂ ಸುಮಾರು 35 ಕೆಜಿ. ಚಿಕ್ಕಮ್ಮನದು ಒಂದೇ ಷರತ್ತು: "ಅವು ಬಂದರೆ ನಾನೂ ಬರ್ತೀನಿ. ಅವು ಬರಲ್ಲ ಅಂದರೆ ನೀವೊಬ್ಬರೇ ಹೋಗಿಬನ್ನಿ." ಲ್ಯಾಬ್ರಡಾರ್‌ಗೆ ವಯಸ್ಸಾಗಿದೆ. ಇನ್ನೆಷ್ಟು ಪ್ರವಾಸ ಅದರ ಪಾಲಿಗಿದೆಯೋ ಅನ್ನೋದು ಅವರ ಲೆಕ್ಕ. ಚಿಕ್ಕಪ್ಪ ಟ್ರೈಲರ್‌ನ ಅಳತೆಗಳನ್ನೆಲ್ಲ ವಾಟ್ಸಾಪ್‌ನಲ್ಲಿ ಕಳಿಸಿ, "ಇಂಜಿನಿಯರಿಂಗ್ ಓದ್ತಿದೀರಲ್ಲ, ಎರಡು ನಾಯಿಗೆ ಎಲ್ಲಿ ಜಾಗ ಮಾಡೋದು ಹೇಳ್ರಪ್ಪ" ಅಂದರು. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬಳು ಇ.ಸಿ. ಕ್ಯಾಡ್ ತೆರೆಯೋಕೆ ನಮಗೆ ಇಷ್ಟು ನೆಪ ಸಾಕಾಗಿತ್ತು.

ಮೊದಲು ಈ ಟ್ರೈಲರ್ ಅಂದರೇನು ಅಂತ ಹೇಳಿಬಿಡ್ತೀವಿ. ಅದು 13 ಅಡಿಯ ಫೈಬರ್‌ಗ್ಲಾಸ್ ಟ್ರೈಲರ್. ಮೊಟ್ಟೆಯನ್ನ ಅಡ್ಡ ಮಲಗಿಸಿದ ಹಾಗೆ ಕಾಣುತ್ತೆ. ಈ ಆಕಾರಕ್ಕೆ ಹೆಸರು ತಂದಿದ್ದು 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಶುರುವಾದ ಬೋಲರ್ ಟ್ರೈಲರ್. ಅದರ ಹಿಂದಿದ್ದ ರೇ ಒಲೆಕೊ ಅದಕ್ಕೂ ಮುಂಚೆ ಫೈಬರ್‌ಗ್ಲಾಸ್‌ನಲ್ಲಿ ಸೆಪ್ಟಿಕ್ ಟ್ಯಾಂಕ್ ಮಾಡಿದ್ದ ಮನುಷ್ಯ! ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆಬೇರೆ ಅಚ್ಚಿನಲ್ಲಿ ತೆಗೆದು ಮಧ್ಯದಲ್ಲಿ ಜೋಡಿಸೋದು. ಹಗುರ, ಸೋರಿಕೆ ಕಮ್ಮಿ, ಸಾಮಾನ್ಯ ಕಾರೂ ಎಳೆಯಬಹುದು. 1970ರ ದಶಕದಿಂದ ಅಮೆರಿಕದ ಮಿನೆಸೋಟದಲ್ಲಿ ತಯಾರಾಗ್ತಿರೋ ಸ್ಕ್ಯಾಂಪ್ ಕೂಡ ಇದೇ ವಂಶದ್ದು.

ಆದರೆ 13 ಅಡಿ ಅನ್ನೋದು ಹೊರಗಿನ ಲೆಕ್ಕ. ಕಾರಿಗೆ ಕೊಕ್ಕೆ ಹಾಕೋ ಮುಂದಿನ ಕಬ್ಬಿಣದ ಮೂತಿಯೂ ಅದರಲ್ಲಿ ಸೇರಿದೆ. ಚಿಕ್ಕಪ್ಪ ಟೇಪ್ ಹಿಡಿದು ಅಳೆದಾಗ ಒಳಗೆ ಸಿಕ್ಕಿದ್ದು ಉದ್ದ 10 ಅಡಿ, ಅಗಲ ಆರೂವರೆ ಅಡಿ. 65 ಚದರ ಅಡಿ.

ನಮ್ಮ ಮೊದಲ ಡ್ರಾಯಿಂಗ್ ಹೀಗಿತ್ತು. ಹಿಂದೆ ಹಾಸಿಗೆ, 26 ಚದರ ಅಡಿ. ಹಗಲು ಅದೇ ಊಟದ ಮೇಜು. ಮುಂದೆ ಉದ್ದಕ್ಕೂ ಒಂದು ಬೆಂಚು, 13. ಒಲೆ, ಸಿಂಕ್ ಸೇರಿ 6. ಬಟ್ಟೆ ಕಪಾಟು 3. ಒಟ್ಟು 48. ಮಿಕ್ಕಿದ್ದು ಬಾಗಿಲ ಹತ್ತಿರದ 17 ಚದರ ಅಡಿ ಖಾಲಿ ನೆಲ. ಈಗ ನಾಯಿಗೆ ಎಷ್ಟು ಬೇಕು? ಈ ಗಾತ್ರದ ನಾಯಿಗೆ ಅಲ್ಲಿ ಸಾಮಾನ್ಯವಾಗಿ ಕೊಳ್ಳೋ ಗೂಡಿನ ಅಳತೆ 42 ಇಂಚು ಉದ್ದ, 28 ಇಂಚು ಅಗಲ. ಎಂಟು ಚದರ ಅಡಿಗೆ ಸ್ವಲ್ಪ ಹೆಚ್ಚು. ಎರಡು ನಾಯಿಗೆ 16 ಚಿಲ್ಲರೆ. ಇರೋದು 17. ಲೆಕ್ಕ ಸರಿಹೋಯ್ತು! ಖಾಲಿ ನೆಲದ ಮೇಲೆ "ಡಾಗ್ 1", "ಡಾಗ್ 2" ಅಂತ ಎರಡು ಆಯತ ಬರೆದು, ಬಣ್ಣ ತುಂಬಿ, ಪಿಡಿಎಫ್ ಮಾಡಿ ಕಳಿಸಿದ್ವಿ.

ಸಂಜೆ ಚಿಕ್ಕಮ್ಮ ಫೋನ್ ಮಾಡಿದರು. "ಏನ್ರೋ ಇಂಜಿನಿಯರ್‌ಗಳಾ, ರಾತ್ರಿ ಎರಡು ಗಂಟೆಗೆ ನಾನು ಟಾಯ್ಲೆಟ್‌ಗೆ ಅಂತ ಹೊರಗೆ ಹೋಗ್ಬೇಕು. ಕಾಲು ಎಲ್ಲಿಡ್ಲಿ?"

ನಮ್ಮ ಹತ್ರ ಉತ್ತರ ಇರಲಿಲ್ಲ. 17ರಲ್ಲಿ 16 ಹೋದರೆ ಉಳಿಯೋದು ಒಂದು ಚದರ ಅಡಿ. ಅದೂ ಒಂದೇ ಕಡೆ ಇಲ್ಲ, ಮೂಲೆಮೂಲೆಯಲ್ಲಿ ಚೂರುಚೂರು. ಒಬ್ಬ ಮೆಲ್ಲಗೆ, "ನಾಯಿ ಸ್ವಲ್ಪ ಜರುಗುತ್ತೆ ಬಿಡಿ ಆಂಟಿ" ಅಂದ. "ಜರುಗಿ ಎಲ್ಲಿಗೋ ಹೋಗುತ್ತೆ?" ಅಂದರು ಅವರು.

ನಾವು ಎಲ್ಲಿ ಎಡವಿದ್ವಿ ಅಂತ ಆಗ ಗೊತ್ತಾಯ್ತು. ಹಾಸಿಗೆ, ಒಲೆ, ಮೇಜು, ಕಪಾಟು ಎಲ್ಲಕ್ಕೂ ಜಾಗ ಕೊಟ್ಟು, ಮಿಕ್ಕಿದ್ದು ನಾಯಿಗೆ ಅಂದಿದ್ವಿ. ನಾಯಿಯನ್ನ ಸೂಟ್‌ಕೇಸ್ ಥರ ಲೆಕ್ಕ ಹಾಕಿದ್ವಿ. ಸೂಟ್‌ಕೇಸ್ ಉಸಿರಾಡಲ್ಲ, ಮಗ್ಗುಲು ಬದಲಿಸಲ್ಲ, ಅದಕ್ಕೆ ಸೊಂಟ ನೋಯಲ್ಲ. ಚಿಕ್ಕ ಟ್ರೈಲರ್‌ನಲ್ಲಿ ದೊಡ್ಡ ನಾಯಿ ಕರ್ಕೊಂಡು ಹೋಗೋದಾದರೆ ಮೊದಲ ಗೆರೆ ನಾಯಿಯದೇ ಆಗಬೇಕು. ಅದಾದಮೇಲೆ ಮನುಷ್ಯರದು, ಆಮೇಲೆ ಸಾಮಾನಿನದು. ಹಾಗೆ ಹಾಕಿ ನೋಡಿದರೂ ಜಾಗ ಆಗಲ್ಲ ಅಂದರೆ ಕರ್ಕೊಂಡು ಹೋಗಬಾರದು. ಇದು ನಮ್ಮ ಅಭಿಪ್ರಾಯ. ಪ್ರೀತಿ ಉಕ್ಕಿ ಹೇಳ್ತಿಲ್ಲ, ಲೆಕ್ಕವೂ ಇದನ್ನೇ ಹೇಳುತ್ತೆ.

ಶಾಖದ ಲೆಕ್ಕ ನೋಡಿ. ಪ್ರಾಣಿಯ ತೂಕಕ್ಕೂ ಅದು ಸುಮ್ಮನೆ ಮಲಗಿದ್ದಾಗ ಸುಡೋ ಶಕ್ತಿಗೂ ಒಂದು ಸಂಬಂಧ ಇದೆ ಅಂತ ಮ್ಯಾಕ್ಸ್ ಕ್ಲೈಬರ್ ಅನ್ನೋ ವಿಜ್ಞಾನಿ 1932ರಲ್ಲಿ ತೋರಿಸಿದರು: ತೂಕದ ಮುಕ್ಕಾಲು ಘಾತವನ್ನ ಸುಮಾರು 70ರಿಂದ ಗುಣಿಸಿದರೆ ದಿನದ ಕಿಲೋಕ್ಯಾಲರಿ. 35 ಕೆಜಿ ನಾಯಿಗೆ ಇದು ಸುಮಾರು 1000 ಕಿಲೋಕ್ಯಾಲರಿ. ವಾಟ್‌ಗೆ ತಿರುಗಿಸಿದರೆ 49. ಎರಡು ನಾಯಿ ಅಂದರೆ ಹಳೇ ಕಾಲದ 100 ವಾಟ್ ಬಲ್ಬ್ ಒಂದು ರಾತ್ರಿಯಿಡೀ ಉರಿದ ಹಾಗೆ. 70 ಕೆಜಿಯ ಇಬ್ಬರು ಮನುಷ್ಯರದು ಇನ್ನೊಂದು 160. ಒಟ್ಟು 260 ವಾಟ್‌ನ ಹೀಟರ್, ಹತ್ತು ಅಡಿಯ ಪ್ಲಾಸ್ಟಿಕ್ ಮೊಟ್ಟೆಯೊಳಗೆ. ಇದು ಎಲ್ಲರೂ ಸುಮ್ಮನೆ ಬಿದ್ದುಕೊಂಡಿರೋವಾಗಿನ ಲೆಕ್ಕ. ಆಟ ಆಡಿ ಏದುಸಿರು ಬಿಡ್ತಾ ಒಳಗೆ ಬಂದ ನಾಯಿಯದು ಇನ್ನೂ ಜಾಸ್ತಿ.

ಇನ್ನೊಂದು ವಿಷಯ. ನಮ್ಮ ಹಾಗೆ ಮೈಯೆಲ್ಲ ಬೆವತು ತಣಿಯೋ ವ್ಯವಸ್ಥೆ ನಾಯಿಗಿಲ್ಲ. ಅದರ ಬೆವರಿನ ಕೆಲಸ ಬಹುಮಟ್ಟಿಗೆ ಪಾದದ ಅಡಿಯಲ್ಲಷ್ಟೇ. ಅದು ತಣ್ಣಗಾಗೋದು ನಾಲಿಗೆ ಚಾಚಿ ಉಸಿರುಬಿಟ್ಟು, ಅಂದರೆ ನೀರನ್ನ ಆವಿ ಮಾಡಿ. ಒಳಗಿನ ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಈ ಉಪಾಯ ನಡೆಯಲ್ಲ. ನಾಲ್ಕು ಜೀವಗಳ ಉಸಿರಿನ ತೇವ ರಾತ್ರಿ ತಣ್ಣಗಿರೋ ಗೋಡೆಗೆ, ಕಿಟಕಿ ಗಾಜಿಗೆ ಹನಿಯಾಗಿ ಕೂರುತ್ತೆ. ಬೆಳಿಗ್ಗೆ ಹಾಸಿಗೆಯ ಅಂಚೆಲ್ಲ ಒದ್ದೆ. ಹಾಗಾಗಿ ಚಾವಣಿಯ ಫ್ಯಾನ್ ಮತ್ತು ಕೆಳಗಿನ ಒಂದು ಕಿಟಕಿ, ಎರಡೂ ಸ್ವಲ್ಪ ತೆರೆದಿರಲೇಬೇಕು. ಕೆಳಗಿಂದ ಗಾಳಿ ಬಂದು ನಾಯಿ ಮಲಗಿದ ನೆಲವನ್ನ ಸವರಿಕೊಂಡು ಮೇಲಿಂದ ಹೊರಗೆ ಹೋಗಬೇಕು. ನಮ್ಮ ಮೊದಲ ಡ್ರಾಯಿಂಗ್‌ನಲ್ಲಿ ಗಾಳಿಗೆ ಒಂದು ಬಾಣದ ಗುರುತೂ ಇರಲಿಲ್ಲ.

ತೂಕದ್ದು ಬೇರೆ ಕಥೆ. ಗಾಡಿ ಓಡ್ತಿರೋವಾಗ ನಾಯಿ ಟ್ರೈಲರ್ ಒಳಗೆ ಇರಲೇಬಾರದು. ಬೆಲ್ಟ್ ಇಲ್ಲ, ನೋಡಿಕೊಳ್ಳೋರಿಲ್ಲ, ಬ್ರೇಕ್ ಹಾಕಿದರೆ ಸ್ಟೀಲ್ ಪಾತ್ರೆ, ಪೆಟ್ಟಿಗೆ ಎಲ್ಲ ಮೈಮೇಲೆ ಬರುತ್ತೆ. ಓಡೋ ಟ್ರೈಲರ್‌ನಲ್ಲಿ ಮನುಷ್ಯರು ಕೂರೋದನ್ನೇ ಅಮೆರಿಕದ ಹಲವು ರಾಜ್ಯಗಳು ನಿಷೇಧಿಸಿವೆ. ಹಾಗಾಗಿ 70 ಕೆಜಿ ನಾಯಿ ಕಾರಿನ ಲೆಕ್ಕಕ್ಕೆ. ಟ್ರೈಲರ್ ತನ್ನ ತೂಕದ ನೂರಕ್ಕೆ 10ರಿಂದ 15ರಷ್ಟನ್ನ ಕಾರಿನ ಕೊಕ್ಕೆಯ ಮೇಲೆ ಒತ್ತಬೇಕು. ಅದಕ್ಕಿಂತ ಕಮ್ಮಿಯಾದರೆ ಹೈವೇಯಲ್ಲಿ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರುಮಾಡುತ್ತೆ. ಸಾಮಾನು ತುಂಬಿದ ಟ್ರೈಲರ್ 700 ಕೆಜಿ ಅಂದುಕೊಂಡರೆ ಕೊಕ್ಕೆಯ ಮೇಲೆ 70ರಿಂದ 105 ಕೆಜಿ. ಇಬ್ಬರು ಮನುಷ್ಯರು 140, ನಾಯಿಗಳು 70. ಒಂದು ಬ್ಯಾಗೂ ಇಡೋಕೆ ಮುಂಚೆ ಕಾರಿನ ಮೇಲೆ 300 ಕೆಜಿ ಆಸುಪಾಸು ಬಿತ್ತು. ನಾಯಿಯನ್ನ ಕೊನೆಗೆ ಲೆಕ್ಕ ಹಾಕಿದರೆ ಈ ಮೊತ್ತ ಹೊರಡೋ ಬೆಳಿಗ್ಗೆವರೆಗೂ ಗೊತ್ತಾಗಲ್ಲ.

ಇಷ್ಟೆಲ್ಲ ಆದಮೇಲೆ ಎರಡನೇ ಡ್ರಾಯಿಂಗ್‌ಗೆ ಕೂತ್ವಿ. ಈ ಸಲ ಮೊದಲು ಹಾಸ್ಟೆಲ್ ಕಾರಿಡಾರ್‌ನಲ್ಲಿ ಸೀಮೆಸುಣ್ಣದಿಂದ 10 ಅಡಿಗೆ ಆರೂವರೆ ಅಡಿ ಚೌಕಟ್ಟು ಬರೆದ್ವಿ. ಒಬ್ಬ ಲ್ಯಾಬ್ರಡಾರ್ ಆದ, ಇನ್ನೊಬ್ಬ ಶೆಫರ್ಡ್ ಆದ, ಉಳಿದಿಬ್ಬರು ಚಿಕ್ಕಪ್ಪ, ಚಿಕ್ಕಮ್ಮ. ಹಾದುಹೋಗೋರೆಲ್ಲ ನಕ್ಕರು, ನಗಲಿ. ನೆಲದ ಮೇಲೆ ಮಲಗಿದಾಗ ಕ್ಯಾಡ್‌ನಲ್ಲಿ ಕಾಣದ್ದು ಕಾಣುತ್ತೆ. ಗೂಡಿನ ಅಳತೆ ಸುತ್ತಿಕೊಂಡು ಮಲಗಿದ ನಾಯಿಗೆ ಸರಿ. ಕಾಲು ಚಾಚಿ ಮಲಗಿದ ಮುದಿ ನಾಯಿಗೆ ನಾಲ್ಕು ಅಡಿ ಉದ್ದ ಬೇಕು. ಏಳೋವಾಗ ಅದಕ್ಕೆ ಮುಂಗಾಲು ಊರೋಕೆ ಇನ್ನಷ್ಟು ಜಾಗ ಬೇಕು, ಜಾರದ ನೆಲ ಬೇಕು. ದೊಡ್ಡ ತಳಿಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ. ಚಿಕ್ಕಮ್ಮನ ಲ್ಯಾಬ್ರಡಾರ್‌ಗೂ ಅದಿದೆ.

ಹಾಗಾಗಿ ಮುಂದಿನ ಬೆಂಚನ್ನ ಪೂರ್ತಿ ತೆಗೆದ್ವಿ. ಆ ಆರೂವರೆ ಅಡಿ ಉದ್ದ, ಎರಡು ಅಡಿ ಅಗಲದ ಪಟ್ಟಿ ಲ್ಯಾಬ್ರಡಾರ್‌ನದು. ಅಲ್ಲಿ ರಬ್ಬರ್ ಮ್ಯಾಟ್, ಮೇಲೆ ದಪ್ಪ ಹಾಸಿಗೆ. ಊಟದ ಮೇಜೂ ಹೋಯ್ತು; ಊಟ ಹೊರಗೆ, ಮಡಚೋ ಮೇಜಿನ ಮೇಲೆ. ಹಿಂದಿನ ಮಂಚವನ್ನ ಸ್ವಲ್ಪ ಎತ್ತರಿಸಿ ಅದರ ಕೆಳಗೆ ಶೆಫರ್ಡ್‌ಗೆ ಒಂದು ಗುಹೆ. ಬಾಗಿಲ ಮೆಟ್ಟಿಲಿಗೆ ಮಡಚೋ ಇಳಿಜಾರು ಹಲಗೆ, ಒಂದಕ್ಕೆ ಮೂರರ ಇಳಿಜಾರು. ಒಂದೂವರೆ ಅಡಿ ಎತ್ತರಕ್ಕೆ ನಾಲ್ಕೂವರೆ ಅಡಿ ನೆಲ ಹಿಡಿಯುತ್ತೆ, ಆದರೆ ಅದು ಹೊರಗಿನ ನೆಲ, ಪುಕ್ಕಟೆ. ಬಟ್ಟೆ ಎಲ್ಲ ಕಾರಿಗೆ. "ಮಂಚ ಎತ್ತರ ಮಾಡಿದರೆ ನನ್ನ ತಲೆ ಚಾವಣಿಗೆ ಹೊಡೆಯುತ್ತಲ್ಲೋ" ಅಂತ ಚಿಕ್ಕಪ್ಪ ಗೊಣಗಿದರು. "ನೀವು ಬಗ್ಗಿ" ಅಂತ ಪಕ್ಕದಿಂದ ಚಿಕ್ಕಮ್ಮನ ದನಿ ಕೇಳಿಸ್ತು. ನೋಡಿ, ಬಗ್ಗು ಅಂದರೆ ಬಗ್ಗೋಕೆ, ಬಗ್ಗಲ್ಲ ಅನ್ನೋಕೆ ಚಿಕ್ಕಪ್ಪನಿಗೆ ಬಾಯಿದೆ. ನಾಯಿಗಿಲ್ಲ.

ಜಾಗ ಅಂದರೆ ಬರೀ ಚದರ ಅಡಿಯಲ್ಲ, ದಿನಚರಿಯಲ್ಲೂ ನಾಯಿಗೆ ಜಾಗ ಬೇಕು ಅನ್ನೋದು ಆಮೇಲೆ ಹೊಳೀತು. ಅವರಿಗೆ ಯೆಲ್ಲೋಸ್ಟೋನ್ ನೋಡೋ ಆಸೆ. ಆದರೆ ಯೆಲ್ಲೋಸ್ಟೋನ್‌ನಲ್ಲಿ ಕಾಲುದಾರಿಗಳಿಗೆ, ಬಿಸಿನೀರಿನ ಬುಗ್ಗೆಗಳ ಸುತ್ತಲಿನ ಮರದ ಹಾದಿಗಳಿಗೆ ನಾಯಿ ಬರೋ ಹಾಗಿಲ್ಲ. ರಸ್ತೆ, ಪಾರ್ಕಿಂಗ್, ಕ್ಯಾಂಪ್‌ನಿಂದ 100 ಅಡಿ ದಾಟೋ ಹಾಗಿಲ್ಲ. ಹಾಗಾದರೆ ಮನುಷ್ಯರು ಬುಗ್ಗೆ ನೋಡೋವಾಗ ನಾಯಿ ಎಲ್ಲಿ? ಟ್ರೈಲರ್‌ನಲ್ಲಿ ಎ.ಸಿ. ಹಾಕಿ ಬೀಗ ಹಾಕೋದಾ? ಇ.ಸಿ. ಗೆಳತಿ ಲೆಕ್ಕ ಹಾಕಿ ತೋರಿಸಿದಳು: ಇಂಥ ಟ್ರೈಲರ್‌ಗೆ ಕ್ಯಾಂಪ್‌ನಲ್ಲಿ ಸಾಮಾನ್ಯವಾಗಿ ಸಿಗೋದು 120 ವೋಲ್ಟ್, 30 ಆಂಪ್, ಅಂದರೆ 3600 ವಾಟ್. ಎ.ಸಿ., ಮೈಕ್ರೋವೇವ್, ನೀರಿನ ಹೀಟರ್ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳಬಹುದು. ಎಷ್ಟೋ ಕ್ಯಾಂಪ್‌ಗಳಲ್ಲಿ ಕರೆಂಟೇ ಇರಲ್ಲ. ತಾಪಮಾನ ಏರಿದರೆ ಮೊಬೈಲ್‌ಗೆ ಮೆಸೇಜ್ ಕಳಿಸೋ ಯಂತ್ರ ಸಿಗುತ್ತೆ, ಆದರೆ ಕಾಡಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅದು ಯಾರಿಗೆ ಹೇಳಬೇಕು? ಹಾಗಾಗಿ ನಿಯಮ ಒಂದೇ: ಬಿಸಿಲಲ್ಲಿ ನಾಯಿ ಒಳಗಿದ್ದರೆ ಒಬ್ಬ ಮನುಷ್ಯ ಜೊತೆಗೇ ಇರಬೇಕು. ಇಬ್ಬರೂ ಒಟ್ಟಿಗೆ ಬುಗ್ಗೆ ನೋಡಬೇಕು ಅಂದರೆ ಯೆಲ್ಲೋಸ್ಟೋನ್ ಬಿಡಬೇಕು. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್‌ನಲ್ಲಾದರೆ ಕಣಿವೆಯ ಮೇಲಂಚಿನ ಹಾದಿಯಲ್ಲಿ ಹಗ್ಗ ಕಟ್ಟಿ ನಾಯಿ ಜೊತೆಗೇ ನಡೆಯಬಹುದು, ಕಣಿವೆಗೆ ಇಳಿಯೋ ಹಾಗಿಲ್ಲ ಅಷ್ಟೇ. ಅವರು ಪ್ರವಾಸವನ್ನ ಅಲ್ಲಿಗೆ ಬದಲಾಯಿಸಿದರು.

"ಇಷ್ಟು ಕಷ್ಟ ಯಾಕೆ? ದೊಡ್ಡ ಟ್ರೈಲರ್ ತಗೊಳ್ಳಿ" ಅಂತ ಹೇಳಬಹುದು. ದೊಡ್ಡ ಟ್ರೈಲರ್ ಎಳೆಯೋಕೆ ದೊಡ್ಡ ಗಾಡಿ ಬೇಕು, ಅದಕ್ಕೆ ದುಡ್ಡು ಬೇಕು. ಎಲ್ಲರ ಹತ್ರ ಇರಲ್ಲ. ಇನ್ನೊಂದು ವಾದ ಇದಕ್ಕಿಂತ ಗಟ್ಟಿ, ಅದನ್ನ ಹೇಳಿದವನು ನಮ್ಮಲ್ಲೇ ಒಬ್ಬ: "ನಾಯಿಗೆ ಗ್ರ್ಯಾಂಡ್ ಕ್ಯಾನ್ಯನ್ ಯಾಕೆ ಬೇಕು? ಮನೆಯಲ್ಲಿ, ಗೊತ್ತಿರೋರ ಜೊತೆ ಬಿಟ್ಟುಹೋದರೆ ಅದಕ್ಕೇ ಆರಾಮ." ಇದು ನಿಜ ಆಗಿರೋ ನಾಯಿಗಳು ಬೇಕಾದಷ್ಟಿವೆ. ಗಾಡಿ ಅಂದರೆ ವಾಂತಿ ಮಾಡೋ ನಾಯಿ, ಹೊಸ ಜಾಗಕ್ಕೆ ಹೆದರೋ ನಾಯಿ, ಬಾಕ್ಸರ್, ಬುಲ್‌ಡಾಗ್ ಥರ ಮೊಂಡು ಮೂತಿಯ, ಶಾಖ ತಡೆಯದ ನಾಯಿ, ಇವನ್ನ ಬಿಟ್ಟುಹೋಗೋದೇ ಪ್ರೀತಿ. ಒಂದು ದಿನ ಬಿಟ್ಟಿದ್ದರೂ ಊಟ ಮಾಡದ ಚಿಕ್ಕಮ್ಮನ ಲ್ಯಾಬ್ರಡಾರ್ ಥರದ ನಾಯಿಗೆ ಜೊತೆಗಿರೋದೇ ಆರಾಮ. ಯಾವುದು ಯಾವ ಥರದ ನಾಯಿ ಅಂತ ಅದನ್ನ ಸಾಕಿದವರಿಗೆ ಗೊತ್ತಿರುತ್ತೆ. ನಾವು ವಿರೋಧಿಸೋದು ಬೇರೆಯದನ್ನ: ಬಿಟ್ಟು ಹೋಗೋಕೆ ಮನಸ್ಸಿಲ್ಲ ಅಂತ ಕರ್ಕೊಂಡು ಹೋಗಿ, ಕರ್ಕೊಂಡು ಹೋದಮೇಲೆ ಸಂದಿಗೆ ತುರುಕೋದನ್ನ.

ಇದು ಬರೀ ಅಮೆರಿಕದ ತಲೆನೋವು ಅಂದುಕೋಬೇಡಿ. ನಮ್ಮ ರೈಲಲ್ಲಿ ದೊಡ್ಡ ನಾಯಿ ಕರ್ಕೊಂಡು ಹೋಗಬೇಕು ಅಂದರೆ ಫಸ್ಟ್ ಎ.ಸಿ.ಯಲ್ಲಿ ಇಡೀ ಕೂಪೆಯನ್ನೋ ಕ್ಯಾಬಿನ್ನನ್ನೋ ತಗೋಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ. ದುಡ್ಡಿದ್ದರೆ ಮನೆಯವರ ಜೊತೆ, ಇಲ್ಲದಿದ್ದರೆ ಲಗೇಜ್ ಜೊತೆ. ಮಧ್ಯದಲ್ಲಿ ಏನೂ ಇಲ್ಲ. ಎಲ್ಲರ ಸೀಟು ಗೆರೆ ಎಳೆದಾದಮೇಲೆ ನಾಯಿಯನ್ನ ನೆನಪಿಸಿಕೊಂಡರೆ ಹೀಗೇ ಆಗೋದು.

ಕೊನೆಗೆ ಏನಾಯ್ತು ಹೇಳಿಬಿಡ್ತೀವಿ. ದೊಡ್ಡ ಪ್ರವಾಸಕ್ಕೆ ಮುಂಚೆ ಅವರು ಟ್ರೈಲರ್‌ನ ಮನೆ ಮುಂದೆಯೇ ನಿಲ್ಲಿಸಿ ಎರಡು ರಾತ್ರಿ ಅದರಲ್ಲಿ ಮಲಗಿದರು. ಲ್ಯಾಬ್ರಡಾರ್ ತನ್ನ ಪಟ್ಟಿಯಲ್ಲಿ ಕಾಲು ಚಾಚಿ ಗೊರಕೆ ಹೊಡೀತು. ಶೆಫರ್ಡ್ ಮಾತ್ರ ನಾವು ಅಷ್ಟು ಕಷ್ಟಪಟ್ಟು ಮಾಡಿದ ಗುಹೆಯ ಕಡೆ ತಿರುಗಿಯೂ ನೋಡಲಿಲ್ಲ. ಎರಡೂ ರಾತ್ರಿ ಬಾಗಿಲಿಗೆ ಅಡ್ಡ ಮಲಗಿತು. ನಮ್ಮ ಎರಡನೇ ಡ್ರಾಯಿಂಗೂ ಅರ್ಧ ಫೇಲ್.

"ರಾತ್ರಿ ಹೊರಗೆ ಹೋಗೋಕೆ ತೊಂದರೆ ಆಯ್ತಾ ಆಂಟಿ?" ಅಂತ ಹೆದರ್ತಾ ಕೇಳಿದ್ವಿ. "ಇಲ್ಲ ಕಣ್ರೋ, ನಾನು ಎದ್ದರೆ ಅವನೂ ಏಳ್ತಾನೆ, ಜೊತೆಗೇ ಬರ್ತಾನೆ. ಕತ್ತಲಲ್ಲಿ ಭಯಾನೂ ಇಲ್ಲ" ಅಂದರು. ಮೂರನೇ ಡ್ರಾಯಿಂಗ್‌ನಲ್ಲಿ ಬಾಗಿಲ ಹತ್ತಿರದ ಎಂಟು ಚದರ ಅಡಿ ಶೆಫರ್ಡ್‌ನದು, ಉಳಿದ ಒಂಬತ್ತು ಮನುಷ್ಯರ ಕಾಲಿಗೆ. ಮಂಚ ಮತ್ತೆ ಕೆಳಗೆ ಇಳೀತು, ಅದರಡಿಯ ಗುಹೆಯಲ್ಲಿ ಈಗ ನಾಯಿ ಊಟದ ಮೂಟೆ ಮತ್ತು ಬಟ್ಟೆ ಪೆಟ್ಟಿಗೆ. ಚಿಕ್ಕಪ್ಪನ ತಲೆಯೂ ಉಳೀತು.

ಮುಂದೆ ನಾವೆಲ್ಲ ಮನೆ, ಬಸ್ಸು, ಆಸ್ಪತ್ರೆ, ಮೆಷಿನ್ ಏನೇನೋ ಡಿಸೈನ್ ಮಾಡೋರು. ಅಲ್ಲೂ ಬಾಯಿಬಿಟ್ಟು ಹೇಳೋಕಾಗದವರು ಯಾರಾದರೂ ಇದ್ದೇ ಇರ್ತಾರೆ. ಕ್ಯಾಡ್ ತೆರೆಯೋಕೆ ಮುಂಚೆ ಒಂದು ಸೀಮೆಸುಣ್ಣ ತಗೊಂಡು ಅವರ ಜಾಗದಲ್ಲಿ ಒಂದು ಸಲ ಮಲಗಿ ನೋಡಿ. ಕಾರಿಡಾರ್‌ನಲ್ಲಿ ನಾವು ಬರೆದ ಚೌಕಟ್ಟು ಇನ್ನೂ ಅರ್ಧಂಬರ್ಧ ಉಳಿದಿದೆ. ಮೂರೂ ಡ್ರಾಯಿಂಗ್ ಬೇಕಿದ್ದರೆ ಕ್ಲಬ್ ರೂಮಿಗೆ ಬನ್ನಿ, ಕೊಡ್ತೀವಿ. ತಪ್ಪು ಕಂಡರೆ ಹೇಳಿ. ನಾಲ್ಕನೆಯದನ್ನ ಒಟ್ಟಿಗೇ ಬರೆಯೋಣ.